ಹಿತ್ತಲಲ್ಲಿ ಏನು ನೆಡಬೇಕು? ಕೇಟರರ್‌ಗಳಿಗೊಂದು ಲೆಕ್ಕ

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ನಮ್ಮ ಕೇಟರಿಂಗ್ ಬಂಧುಗಳಲ್ಲಿ ಕೆಲವರಿಗೆ ಅಡುಗೆಮನೆಯ ಹಿಂದೆ ಒಂದಿಷ್ಟು ಜಾಗವೋ ಟೆರೇಸೋ ಇರುತ್ತದೆ. ಅಲ್ಲಿ ಟೊಮೆಟೊ, ಬದನೆ ನೆಟ್ಟು ಖರ್ಚು ಉಳಿಸೋಣವೆಂದು ಹೊರಡುವವರಿದ್ದಾರೆ. ಅದು ಉಳಿತಾಯದ ದಾರಿಯಲ್ಲ. 300 ಎಲೆಯ ಮದುವೆ ಊಟದ ಟೊಮೆಟೊ, ಕುಂಬಳ, ಬಟಾಟೆಯನ್ನು ವಾಶಿ ಮಾರ್ಕೆಟಿನಿಂದ ತರುವುದೇ ಅಗ್ಗ.

ಮೊದಲು ನಿಮ್ಮ ಖರೀದಿ ಪುಸ್ತಕ ತೆರೆಯಿರಿ. ಕಳೆದ ಮೂರು ತಿಂಗಳಲ್ಲಿ ಗೋಣಿಗಟ್ಟಲೆ ಕೊಂಡದ್ದನ್ನೆಲ್ಲ ಹೊಡೆದು ಹಾಕಿ. ಉಳಿದವುಗಳಲ್ಲಿ ಕಿತ್ತ ದಿನವೇ ಬಾಡುವಂಥವು ಯಾವುವು, ಮಾಟುಂಗಾಕ್ಕೆ ಹುಡುಗನನ್ನು ಓಡಿಸಿದರೂ ಸಿಗದೇ ಹೋದವು ಯಾವುವು ಎಂದು ಗುರುತು ಹಾಕಿ. ಹೆಚ್ಚಾಗಿ ಕರಿಬೇವು, ಒಂದೆಲಗ, ದೊಡ್ಡಪತ್ರೆ, ಬಸಳೆ, ಕೆಸುವಿನೆಲೆ ಇವೇ ಉಳಿಯುತ್ತವೆ. ‘ಊರಿನ ಊಟ’ ಬೇಕೆಂದು ಬರುವ ಗಿರಾಕಿ ನೆನಪಿಟ್ಟುಕೊಳ್ಳುವುದೂ ಇವನ್ನೇ. ಮೆನುವಿನಲ್ಲಿ ಬರೆದ ತಂಬುಳಿ ಎಲೆಗೆ ಬೀಳದಿದ್ದರೆ ಆ ಮನೆಯ ಮುಂದಿನ ಉಪನಯನದ ಆರ್ಡರ್ ಬೇರೆಯವರ ಪಾಲು.

ಇಲ್ಲೂ ಲೆಕ್ಕ ಬೇಕು. ಪತ್ರೊಡೆಯನ್ನೇ ನೋಡಿ. 200 ಜನಕ್ಕೆ ತಲಾ 2 ತುಂಡು ಎಂದರೆ 400 ತುಂಡು. ಒಂದು ಸುರುಳಿಗೆ 5 ಎಲೆ, ಸುರುಳಿಯಿಂದ 10 ತುಂಡು ಎಂದು ಹಿಡಿದರೂ 40 ಸುರುಳಿ, 200 ಎಲೆ. ಒಂದು ಗಿಡದಿಂದ ಒಮ್ಮೆಗೆ ಮೂರ್ನಾಲ್ಕು ಒಳ್ಳೆಯ ಎಲೆ ಸಿಕ್ಕರೆ ಹೆಚ್ಚು. ಅಂದರೆ 50ಕ್ಕೂ ಮಿಕ್ಕಿ ಗಿಡ! 20 ಜನರ ಪೂಜೆಯೂಟಕ್ಕೆ ಹಿತ್ತಲ ಕೆಸು ಸಾಕು, ಅದನ್ನು ನಂಬಿ ದೊಡ್ಡ ಆರ್ಡರಿಗೆ ಮಾತು ಕೊಡಬೇಡಿ. ಒಂದೆಲಗ ಹಾಗಲ್ಲ. ತಂಬುಳಿಯಲ್ಲಿ ಹೆಚ್ಚಿನ ಪಾಲು ಮಜ್ಜಿಗೆ ಮತ್ತು ಕಾಯಿಯದ್ದು, ಸೊಪ್ಪು ಹಿಡಿಗಳ ಲೆಕ್ಕದಲ್ಲಿ ಸಾಕಾಗುತ್ತದೆ. ಕರಿಬೇವು ಕುಂಡದಲ್ಲಿ ಸೊರಗುತ್ತದೆ, ನೆಲವಿದ್ದರೆ ನೆಲದಲ್ಲೇ ನೆಡಿ. ಮೊದಲ ಎರಡು ವರ್ಷ ಹೆಚ್ಚು ಕೈ ಹಾಕದಿದ್ದರೆ ಮುಂದೆ ಒಗ್ಗರಣೆಗೆ ಕೊಳ್ಳುವ ಪ್ರಮೇಯವೇ ಬರಲಿಕ್ಕಿಲ್ಲ.

ಮಟ್ಟುಗುಳ್ಳದ ಆಸೆ ಹಲವರಿಗಿದೆ. ಬೀಜ ತಂದು ಬಿತ್ತಬಹುದು, ಆದರೆ ಆ ರುಚಿ ಉಡುಪಿ ಬಳಿಯ ಮಟ್ಟುವಿನ ಮಣ್ಣಿನದು. ಟೆರೇಸಿನಲ್ಲಿ ಬೆಳೆದದ್ದನ್ನು ಮಟ್ಟುಗುಳ್ಳವೆಂದು ಮೆನುವಿಗೆ ಹಾಕುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ಬಿಸಿಲು. ಬೆಂಡೆ, ಅಲಸಂಡೆಯಂಥ ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಕಟ್ಟಡಗಳ ನಡುವಿನ ಜಾಗದಲ್ಲಿ ಮೂರು ಗಂಟೆ ಬಿದ್ದರೆ ಸೊಪ್ಪಿಗಷ್ಟೇ ಸೈ. ಒಂದೆಲಗಕ್ಕೆ ಅರೆನೆರಳು, ತೇವ ಎರಡೂ ಇಷ್ಟ. ಮೋರಿ ನೀರು ಹರಿಯುವ ಕಡೆ ಮಾತ್ರ ಬೇಡ, ಅದನ್ನು ಹಸಿಯಾಗಿಯೇ ಅರೆಯುವವರಿದ್ದಾರೆ.

ಬಿತ್ತುವ ದಿನವನ್ನು ಸಮಾರಂಭದ ದಿನದಿಂದ ಹಿಂದಕ್ಕೆ ಎಣಿಸಿ. ಹರಿವೆಗೆ 25ರಿಂದ 30 ದಿನ, ಬೆಂಡೆ, ಅಲಸಂಡೆಯ ಮೊದಲ ಕಾಯಿಗೆ 45ರಿಂದ 50 ದಿನ. ತುಳಸಿ ಪೂಜೆಯ ನಂತರ ಮದುವೆಗಳು ಸುರುವಾಗುವಾಗ ಎಳೆ ಹರಿವೆ ಬೇಕಿದ್ದರೆ ದಸರಾ ಹೊತ್ತಿಗೆ ಬೀಜ ಬೀಳಬೇಕು. ಮುಂಬಯಿಯ ಜುಲೈ ಮಳೆಗೆ ಹರಿವೆ ಕೊಳೆಯುತ್ತದೆ, ಬಸಳೆ, ಕೆಸು ಆಗಲೇ ಸೊಕ್ಕುತ್ತವೆ.

ಟೆರೇಸಾದರೆ ಸೊಸೈಟಿಯ ಲಿಖಿತ ಒಪ್ಪಿಗೆ ಪಡೆಯಿರಿ. ಒದ್ದೆ ಮಣ್ಣು ಬಹಳ ಭಾರ, ಕುಂಡಗಳನ್ನು ಸ್ಲ್ಯಾಬಿನ ನಡುವೆ ಒಟ್ಟಬೇಡಿ, ಕೆಳಗೆ ಇಟ್ಟಿಗೆ ಕೊಟ್ಟು ನೀರು ಹರಿದು ಹೋಗುವಂತೆ ಮಾಡಿ. ತರಕಾರಿ ಹೆಚ್ಚಿದ ಸಿಪ್ಪೆ ಗೊಬ್ಬರಕ್ಕಾಗುತ್ತದೆ. ಉಪ್ಪು, ಎಣ್ಣೆ ಸೇರಿದ ಎಂಜಲೆಲೆ ಬೇಡ, ಇಲಿ ಬರುತ್ತವೆ.