ಪ್ರಿಂಟರ್ ಕೂಡ ಮಾತಾಡಲಿ

ದೊಡ್ಡಬಳ್ಳಾಪುರದಲ್ಲಿ ನನ್ನ ಮಾಮು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಪ್ರಿಂಟ್ ಬರಲೇ ಇಲ್ಲ. ನಾನು ಮತ್ತೆ ಮತ್ತೆ ಒತ್ತಿದೆ. ನೋಡಿದರೆ ಟ್ರೇಯಲ್ಲಿ ಕಾಗದ ಮುಗಿದಿತ್ತು! ತುಂಬಿದ ಕೂಡಲೇ ಒಂದೇ ಅರ್ಜಿ ಆರು ಸಲ ಬಂತು. ನಷ್ಟ ಮಾಮುಗೆ.

ಕಂಪ್ಯೂಟರ್ ಹೇಳುತ್ತಿತ್ತು, ಪ್ರಿಂಟರ್‌ನ ಉತ್ತರ ಕೇಳುತ್ತಿರಲಿಲ್ಲ. ವ್ಯವಹಾರ ಅಧ್ಯಯನದಲ್ಲಿ ನಾವು ಓದುವ ‘ಫೀಡ್‌ಬ್ಯಾಕ್’ ಇಲ್ಲಿ ಇರಲಿಲ್ಲ. ಎರಡೂ ಕಡೆಯಿಂದ ಮಾಹಿತಿ ಹರಿದರೆ ಅದು ದ್ವಿಮುಖ ಸಂವಹನ.

ವಿಂಡೋಸ್‌ನಲ್ಲಿ ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆಯಿರಿ. ‘ಪೋರ್ಟ್ಸ್’ ವಿಭಾಗದಲ್ಲಿ ‘ಎನೇಬಲ್ ಬೈಡೈರೆಕ್ಷನಲ್ ಸಪೋರ್ಟ್’ಗೆ ಟಿಕ್ ಹಾಕಿ, ‘ಅಪ್ಲೈ’ ಒತ್ತಿ. ಟಿಕ್ ಹಾಕಲು ಬಾರದಿದ್ದರೆ ಆ ಮಾದರಿಗೆ ಕಂಪನಿ ಕೊಟ್ಟ ಡ್ರೈವರನ್ನೇ ಹಾಕಿ ನೋಡಿ.

ಈಗ ಮಾಮು ಅಂಗಡಿಯಲ್ಲಿ ಕಾಗದ ಮುಗಿದರೆ ಪರದೆಯೇ ತಿಳಿಸುತ್ತದೆ. ಪ್ರಿಂಟ್ ಬಾರದಿದ್ದರೆ ಮತ್ತೆ ಒತ್ತಬೇಡಿ, ಮೊದಲು ಪರದೆ ನೋಡಿ.