ಹಲವು ಕೆಲಸ ಕಂಡವರಿಗೆ ರಂಗಸಂಘಟನೆಯಲ್ಲಿ ಜಾಗವಿದೆ

ಬ್ಯಾಂಕು, ಶಾಲೆ, ಸ್ವಯಂಸೇವಾ ಸಂಸ್ಥೆ ಎಂದು ಅಲೆದವರು ಈ ವಯಸ್ಸಿನಲ್ಲಿ ಸಮುದಾಯ ರಂಗಭೂಮಿಯ ಸಂಘಟನೆಗೆ ಬರಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರಬಹುದು, ಆ ಅಲೆದಾಟವೇ ನಿಮ್ಮ ಅರ್ಹತೆ ಎಂದು ನಾನು ನಂಬುತ್ತೇನೆ. ನೀನಾಸಮ್ ರಂಗಸಂಸ್ಥೆಯನ್ನು ಕಟ್ಟಿದ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರೂ ಹಲವು ಕೆಲಸ ಕಂಡವರೇ: ಅಡಿಕೆ ಕೃಷಿಕರಾಗಿದ್ದರು, ಅಕ್ಷರ ಪ್ರಕಾಶನ ನಡೆಸಿದರು, ಅನುವಾದಕರೂ ಆಗಿದ್ದರು. 1949ರಲ್ಲಿ ಊರಿನವರ ಹವ್ಯಾಸಿ ತಂಡವಾಗಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟ ಎಂಬ ಸಂಚಾರಿ ತಂಡವನ್ನೂ ಆರಂಭಿಸಿತು. ಊರೂರಿಗೆ ನಾಟಕ ಒಯ್ಯಬೇಕಾದರೆ ನಟರ ಜೊತೆಗೆ ಇನ್ನೂ ಎಷ್ಟೋ ಬೇಕು: ಸ್ಥಳೀಯ ಸಂಘಟಕರನ್ನು ಒಪ್ಪಿಸಬೇಕು, ರಂಗಮಂದಿರ, ವಾಹನ, ಊಟ, ವಸತಿ, ಟಿಕೆಟ್ಟು ಹೊಂದಿಸಬೇಕು, ಕೊನೆಗೆ ಲೆಕ್ಕ ಒಪ್ಪಿಸಬೇಕು. ಲೆಕ್ಕ ಬಲ್ಲವರು, ಪೋಷಕರೊಡನೆ ಮಾತಾಡಿ ಪಳಗಿದವರು ಇಲ್ಲಿ ಬೇಕೇ ಬೇಕು.

ಕಲೆಯ ತರಬೇತಿಯಿಲ್ಲದೆ ಹೇಗೆ ಎಂಬ ನಿಮ್ಮ ಮನೆಯವರ ಆಕ್ಷೇಪ ಹಗುರವಾದದ್ದಲ್ಲ. ನಾಟಕವನ್ನು ಓದಲು, ನೋಡಲು ಬಾರದವರು ಬರೀ ವ್ಯವಸ್ಥಾಪಕರಾಗಿ ಉಳಿದುಬಿಡುತ್ತಾರೆ. ಆದರೆ ತಾಲೀಮುಗಳಲ್ಲಿ ತಾಳ್ಮೆಯಿಂದ ಕೂತರೆ ಆ ಅಭಿರುಚಿ ಬೆಳೆಯುತ್ತದೆ. ಹಣದ ಪ್ರಶ್ನೆ ಇನ್ನೂ ಗಟ್ಟಿಯದು. ಈ ಕ್ಷೇತ್ರದಲ್ಲಿ ತಿಂಗಳ ಸಂಬಳದ ಭರವಸೆ ಕಡಿಮೆ. ಹಾಗಾಗಿ ಈಗಿನ ಕೆಲಸ ಬಿಡಬೇಡಿ. ಈ ವರ್ಷ ನಿಮ್ಮೂರಿನ ಹವ್ಯಾಸಿ ತಂಡವೊಂದರ ಒಂದೇ ಪ್ರಯೋಗದ ಹೊಣೆಯನ್ನು ಮೊದಲ ಸಭೆಯಿಂದ ಕೊನೆಯ ಲೆಕ್ಕದವರೆಗೆ ಪೂರ್ತಿ ಹೊತ್ತು ನೋಡಿ.