ಮರುಭೂಮಿಯ ಹಾವಸೆ: ಹರ್ಬೇರಿಯಂ ಚೀಟಿ ಓದಿಸುವ ಪಾಠ

ಒಂಬತ್ತನೇ ತರಗತಿಯಲ್ಲಿ ‘ಹಾವಸೆ ಎಲ್ಲಿ ಬೆಳೆಯುತ್ತದೆ?’ ಎಂದು ಕೇಳಿದೆ. ‘ಬಾವಿಕಟ್ಟೆ, ಒದ್ದೆ ಗೋಡೆ’ ಎಂದರು. ಆಗ ಸಿಂಟ್ರಿಕಿಯ ಕ್ಯಾನಿನರ್ವಿಸ್ ಪ್ರಭೇದಕ್ಕೆ ನಾನೇ ಬರೆದಿದ್ದ ಮಾದರಿ ಚೀಟಿಗಳನ್ನು ಹಂಚಿದೆ: ಅಮೆರಿಕದ ಮೊಹಾವಿ, ಚೀನಾದ ಗುರ್ಬಂತುಂಗುತ್, ಎರಡೂ ಮರುಭೂಮಿ! ಒಣಗಿದರೆ ಕಪ್ಪಗೆ ಮುದುಡಿ, ನೀರು ತಗುಲಿದೊಡನೆ ಹಸಿರಾಗುವ ಈ ಸಸ್ಯ, ಎಲೆತುದಿಯ ಬಿಳಿ ಕೂದಲಿನಿಂದ ಮಂಜಿನ ಹನಿಯನ್ನೂ ಹಿಡಿಯುತ್ತದೆ.

ಹರ್ಬೇರಿಯಂನಲ್ಲಿ ಹಾವಸೆಯನ್ನು ಕಾಗದದ ಪೊಟ್ಟಣದಲ್ಲಿಡುತ್ತಾರೆ. ಚೀಟಿಯಲ್ಲಿ ಸ್ಥಳ, ಎತ್ತರ, ನೆಲದ ಬಗೆ, ದಿನಾಂಕ, ಸಂಗ್ರಹಿಸಿದವರ ಹೆಸರು ಇರುತ್ತವೆ. 40 ನಿಮಿಷದಲ್ಲಿ 25 ಇದಕ್ಕೇ ಕೊಟ್ಟೆ, ಕೊಡಲೇಬೇಕು.

ನಕ್ಷೆಯಲ್ಲಿ ಚುಕ್ಕಿ ಇಡುವಾಗ ಒಬ್ಬಳು ಕೇಳಿದಳು: ‘ಚುಕ್ಕಿ ಇಲ್ಲದ ಕಡೆ ಬೆಳೆಯೋದಿಲ್ವಾ, ಮಿಸ್?’

‘ಯಾರೂ ಹೋಗಿ ಹುಡುಕದಿದ್ದರೂ ಚುಕ್ಕಿ ಇರುವುದಿಲ್ಲ’ ಎಂದೆ. ಮೌಲ್ಯಮಾಪನಕ್ಕೆ ಅವಳ ಪ್ರಶ್ನೆಯನ್ನೇ ಇಟ್ಟೆ.